ಗುರ್ತು ಸಿಕ್ತಾ

ನಾಮದ ಚಿಲುಮೆಯಲ್ಲಿ ಬಸ್ಸಿಳಿದು
ಕಾಲುದಾರಿ ಹಿಡಿದಾಗ ಏಳೂವರೆ.
ದೇವರಾಯನದುರ್ಗದ ತಲೆ ಇನ್ನೂ ಮೋಡದೊಳಗೆ.
ಕೊರಳಲ್ಲಿ ಭೂತಗನ್ನಡಿ, ಚೀಲದಲ್ಲಿ ಹಳೇ ಪತ್ರಿಕೆ,
ಮಂಡಿಗೆ ಎಣ್ಣೆ, ಬಾಯಲ್ಲಿ ಗೊಣಗು.

ತುಂಬೆ. ಬರೆದುಕೊಂಡೆ.
ಬಂಡೆ ಬಿರುಕಲ್ಲಿ ವಿಷ್ಣುಕ್ರಾಂತಿ,
ಅಂಗಿಗುಂಡಿಗಿಂತ ಚಿಕ್ಕದು, ನೀಲಿ ಮಾತ್ರ ಧಾರಾಳ.
ಗೌರಿ ಹೂ, ಎಲೆತುದಿಯ ಕೊಕ್ಕೆ ಕಾರೆಮುಳ್ಳಿಗೆ ಸಿಕ್ಕಿಸಿ
ಅರ್ಧ ಹಳದಿ, ಅರ್ಧ ಕೆಂಪು:
ಹಬ್ಬಕ್ಕಿನ್ನು ನಾಲ್ಕು ದಿನ, ಇದಕ್ಕೆ ಯಾರು ಹೇಳಿದರೋ.
ಲಂಟಾನ. ಬರೆದುಕೊಳ್ಳಲಿಲ್ಲ.

ನಾನು ಹುಡುಕಿ ಬಂದದ್ದು ಬೇರೆ.
ಇಪ್ಪತ್ತಾರು ವರ್ಷದ ಹಿಂದೆ
ಕಾಲೇಜು ಸಂಚಿಕೆಗೆ ಕೊಟ್ಟ ಪಟ್ಟಿಯಲ್ಲಿ,
ನೆಲಕ್ಕೆ ಅಂಗೈ ಊರಿದಂಥ ಎರಡೆಲೆ ಕಂಡು
ಕಾಡು ಈರುಳ್ಳಿ ಅಂತ ಬರೆದುಬಿಟ್ಟಿದ್ದೆ
ಹೂವಿಗೆ ಕಾಯದೆ.
ಯಾರೂ ಕೇಳಲಿಲ್ಲ. ಯಾರೂ ಓದಿರಲಿಲ್ಲವೋ ಏನೋ.
ನನಗೆ ಮಾತ್ರ ಅದು
ಹಲ್ಲಿನ ಸಂದಿಯ ಅಡಿಕೆ ಚೂರು.

‘ಮೇಡಂ, ಗುರ್ತು ಸಿಕ್ತಾ?’

ಖಾಕಿ ಅಂಗಿ, ಕೈಯಲ್ಲಿ ಮಚ್ಚು, ಗಡ್ಡಕ್ಕೆ ಬೂದಿ ಬಣ್ಣ.
ಅರಣ್ಯ ಇಲಾಖೆಯ ವಾಚರಂತೆ.
ಮನಸ್ಸಲ್ಲೇ ಕೀಲಿಕೈ ತಿರುಗಿಸಿದೆ:
ಹುಬ್ಬು ಕೂಡಿದೆಯೋ, ಇಲ್ಲವೋ? ಕೂಡಿದ್ದರೆ ಮುಂದೆ ಹೋಗಿ.
ಹಣೆಯದು ಮಚ್ಚೆಯೋ, ಗಾಯವೋ?
ಹೋಗಿ ಹೋಗಿ ದಾರಿ ಮುಗಿಯಿತು. ಹೆಸರಿಲ್ಲ.
‘ಸಿಗದೆ ಏನಪ್ಪ’ ಅಂದೆ.
ಮೂವತ್ತು ವರ್ಷ ಪಾಠ ಹೇಳಿದ ಬಾಯಿ,
ಸುಳ್ಳಿಗೂ ಸ್ಪಷ್ಟ ಉಚ್ಚಾರ.

ಅವನಿಗೆ ತಿಳಿಯಿತು. ‘ಬಿಡಿ ಮೇಡಂ.
ಪ್ರಾಕ್ಟಿಕಲ್ಲಲ್ಲಿ ಬರೀ ಸೊಪ್ಪು ಇಟ್ಟಿದ್ರಿ.
ಹೂವಿಲ್ಲ, ಹೇಳಕ್ಕಾಗಲ್ಲ ಅಂತ ಬರ್ದೆ.
ಸೊನ್ನೆ ಕೊಟ್ರಿ.’
ಬೈದದ್ದಲ್ಲ. ನಗುತ್ತಲೇ ಅಂದ. ಆಮೇಲೆ
‘ಕಾಲು ನೋಡ್ಕೊಂಡು ಇಡಿ.’

ಅವನ ಬೂಟಿನ ಪಕ್ಕ, ತಂಗಡಿ ಗಿಡದ ಬುಡದಲ್ಲಿ
ಅದೇ ಎರಡೆಲೆ.
ನಡುವಿಂದ ಗೇಣುದ್ದ ದಂಟು, ದಂಟಿನ ತುದಿಗೆ ಬಿಳಿ,
ಒಂದೊಂದಕ್ಕೂ ಮೂರಾಗಿ ಸೀಳಿದ ತುಟಿ,
ಹಿಂದೆ ಹಸಿರು ಬಾಲ, ಬಾಲದೊಳಗೆ ಜೇನು.
ಕೂರಲಾರದ ಮಂಡಿ ಕೂತೇಬಿಟ್ಟಿತು.

ಸುತ್ತ ಏಳೆಂಟು ಸಣ್ಣ ಕಲ್ಲು, ಯಾರೋ ಜೋಡಿಸಿದ್ದು,
ಹತ್ತುವವರ ಹೆಜ್ಜೆ ತಪ್ಪಲಿ ಅಂತ.
‘ನಾನೇ. ವರ್ಷಾ ವರ್ಷಾ ಇಡ್ತೀನಿ, ಮಂಗ ಉರುಳಿಸ್ತಾವೆ.
ಏನ್ ಮೇಡಂ ಇದು?’

ಹೇಳಿದೆ. ಆರ್ಕಿಡ್ಡು, ನೆಲದ್ದು, ನಮ್ಮ ಕಡೆಯದೇ.
ಆಮೇಲೆ ಲ್ಯಾಟಿನ್ನಿನ ಉದ್ದ ಹೆಸರು.
ಎರಡು ಸಲ ತಿರುಗಿ ಹೇಳಿದ,
ಎರಡನೇ ಸಲ ನನಗಿಂತ ಚೆನ್ನಾಗಿ.
ನಾನು ಕೀಳಲಿಲ್ಲ. ಪತ್ರಿಕೆಯ ಮಡಿಕೆ ಬಿಚ್ಚಲಿಲ್ಲ.

ಬಸ್ಸಲ್ಲಿ ಕೂತು ಹಳೇ ತಪ್ಪಿಗೆ ಗೆರೆ ಹೊಡೆದೆ.
ಸ್ಥಳ, ತಾರೀಖು, ಎತ್ತರ ತುಂಬಿದೆ.
‘ತೋರಿಸಿದವರು’ ಅನ್ನುವಲ್ಲಿ ಪೆನ್ನು ನಿಂತಿತು.
ಕೇಳಬಹುದಿತ್ತು. ಕೇಳಲಿಲ್ಲ.
ಕಂಡಕ್ಟರು ಯಾರನ್ನೋ ಹೆಸರು ಹಿಡಿದು ಕೂಗಿದ,
ಇದಿರಬಹುದೇ? ಅಲ್ಲ.

ಅವನು ಅಂದು ಬರೆದದ್ದನ್ನೇ ಬರೆದೆ,
ಕುಲುಕುವ ಅಕ್ಷರದಲ್ಲಿ:
ಹೂವಿಲ್ಲ, ಹೇಳಕ್ಕಾಗಲ್ಲ.