ಹಲ್ಲಿನಲ್ಲಿ ಕೇಳಿದ್ದು

ಮೋಕಾ ರಸ್ತೆಯಲ್ಲಿ ಮೀಟರಿನ ಕೇಬಲ್ ಕಡಿಯಿತು.
ಮೂರು ಲಕ್ಷ ಎಂಬತ್ತೊಂದು ಸಾವಿರದ ಇನ್ನೂರಾರು:
ಅಂಕಿ ಅಲ್ಲಿಗೇ ನಿಂತಿದೆ ಇವತ್ತಿಗೂ,
ಹೆಡ್ ಮಾಸ್ತರು ಬರೆದುಕೊಂಡ ಹುಟ್ಟಿದ ದಿನದ ಹಾಗೆ.
ನಮ್ಮ ಓಣಿಯಲ್ಲಿ ಎಲ್ಲರದೂ ಜೂನ್ ಒಂದು.

ಆಮೇಲಿನ ಲೆಕ್ಕ ನನ್ನ ನೋಟುಬುಕ್ಕಿನದು.
ಕೌಲ್ ಬಜಾರಿನಿಂದ ಮುಂಡರಗಿಯ ವಾಷಿಂಗ್ ಯೂನಿಟ್ಟಿಗೆ
ಹೋಗಿ ಬಂದರೆ ಇಷ್ಟು, ಸಿರುಗುಪ್ಪಕ್ಕೆ ಇಷ್ಟು,
ರೈಲ್ವೆ ಗೇಟು ಬಿದ್ದಾಗ ಉರಿದ ಡೀಸೆಲ್ಲಿಗೆ ಬೇರೆ ಗೀಟು.
ಆಯಿಲ್ ಬದಲಿಸಿದ ತಾರೀಕು ಕೆಂಪು ಶಾಯಿಯಲ್ಲಿ.
ಅದರ ಮಗ್ಗುಲಲ್ಲೇ ಕಾಜಾ ಹಾಕುವ ಹುಡುಗಿಯರ ಪಗಾರ,
ಗುಂಡಿ ಎಷ್ಟು ಗ್ರೋಸು, ಜಿಪ್ಪು ಎಷ್ಟು ಡಜನ್ನು.

ಸುಮೋ ನನ್ನ ಹೆಸರಿನಲ್ಲೇ ಇದೆ: ಅಂಬಿಕಾಬಾಯಿ ಪಿಸೆ,
ಕೋಂ ಅಂತ ಬರೆದು ಮುಂದೆ ಏನೂ ಬರೆದಿಲ್ಲ.

ಅದಿರಿನ ಲಾರಿಯ ಹಿಂದೆ ಒಂದು ಸಲ ಹೋದರೆ ಸಾಕು,
ಏರ್ ಫಿಲ್ಟರು ಕುಂಕುಮದ ಭರಣಿ.
ತಟ್ಟಿದರೆ ಉದುರುತ್ತದೆ ಸಂಡೂರಿನ ಗುಡ್ಡ
ಒಂದೊಂದು ಚಮಚ.
ತಟ್ಟದೆ ಬಿಟ್ಟ ವಾರಗಳಲ್ಲಿ
ಎಷ್ಟು ಗುಡ್ಡ ಕುಡಿಯಿತೋ ಈ ಎಂಜಿನ್ನು.

ರೇಡಿಯೇಟರಿಗೆ ಬೋರಿನ ನೀರು ಬೇಡ,
ನಿಮ್ಮ ಕೊಡದ ತಳ ನೋಡಿರಿ, ಹೆಂಗ ಉಪ್ಪು ಕಟ್ಟೇತಿ,
ಒಳಗೂ ಹಂಗೇ ಎಂದವನು ದಸ್ತಗಿರಿ.
ಇನ್ನೊಂದು ಮಾತೂ ಅವನದೇ:
"ಆಯಿಲ್ ಸೋರಿದ್ರ ಹೆದರಬ್ಯಾಡ್ರಿ ಬಾಯಿ,
ಸೋರೋದು ನಿಂತ್ರ ಹೆದರ್ರಿ.
ಒಳಗ ಖಾಲಿ ಆಗೇತಿ ಅಂತ ಅರ್ಥ."

ಮುಂಡರಗಿಯಲ್ಲಿ ಕಲ್ಲು ಹಾಕಿ ತಿರುಗಿಸುತ್ತಾರೆ
ನಿನ್ನೆ ಹೊಲಿದ ಪ್ಯಾಂಟನ್ನು,
ಮಂಡಿಯ ಹತ್ತಿರ ಉಜ್ಜಿ ಉಜ್ಜಿ ಬಿಳಿಚಿಸುತ್ತಾರೆ,
ಹತ್ತು ವರ್ಷ ತೊಟ್ಟಂತೆ ಕಾಣಬೇಕಂತೆ.
ಹಳತಾಗಲಿಕ್ಕೆ ಪೀಸಿಗೆ ಇಷ್ಟು ಅಂತ ಕೂಲಿ.
ಹೊರಗೆ ಬಿಸಿಲಲ್ಲಿ ನಿಂತ ನನ್ನ ಗಾಡಿ
ಪುಕ್ಕಟೆ ಮಾಸಿದ್ದು.
ಯೂನಿಟ್ಟಿನ ಗಾದಿಲಿಂಗ ಅದನ್ನು ಸುತ್ತು ಹಾಕಿ
"ಗುಜರಿಗೆ ಹಾಕ್ರಕ್ಕಾ, ನಲವತ್ತು ಬರತೈತಿ" ಅನ್ನುತ್ತಾನೆ.
ನಗುತ್ತೇನೆ.
ಒಮ್ಮೊಮ್ಮೆ ನಗುವುದಿಲ್ಲ.

ಈ ಸಲ ಕಾಮನ ಹುಣ್ಣಿಮೆ ಕಳೆದ ವಾರ
ಎಂಜಿನ್ನಿನಲ್ಲಿ ಒಂದು ಸದ್ದು.
ಮಷೀನಿನ ಸೂಜಿ ಬಾಗಿದಾಗ ಬರುತ್ತದಲ್ಲ, ಅಂಥದ್ದು.
ದಸ್ತಗಿರಿ ಬಾನೆಟ್ ಎತ್ತಿ ಸುಮ್ಮನೆ ನಿಂತ.
"ಎಲ್ಲಿ ಸದ್ದು?" ಎಂದ.
ಕೈ ತೋರಿಸಿದೆ. ಆಮೇಲೆ ಅವನ ಮುಖ ನೋಡಿದೆ.
ನಲವತ್ತು ವರ್ಷ ಸೈಲೆನ್ಸರಿನ ಪಕ್ಕ ಕೂತ ಕಿವಿ.

ಉದ್ದನೆಯ ಸ್ಕ್ರೂಡ್ರೈವರ್ ತೆಗೆದ.
ತುದಿಯನ್ನು ಎಂಜಿನ್ನಿಗೆ ಒತ್ತಿ
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದ.
ಟ್ಯಾಪೆಟ್ಟು. ಡೈನಮೋ. ಪಂಪು.
ಒಂದೊಂದರ ಮೇಲೂ ಅಷ್ಟಷ್ಟು ಹೊತ್ತು,
ನಾಡಿ ಹಿಡಿದ ಹಕೀಮನಿಗಿಂತ ನಿಧಾನ.
"ವಾಟರ್ ಪಂಪಿನ ಬೇರಿಂಗು" ಎಂದ, ಹಿಡಿ ಬಿಡದೆ.
ನನಗೆ ಅರ್ಧ ತಿಳಿಯಿತು.

ಅಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟ.
"ನೀವೂ ಕಚ್ರಿ, ಕಲೀರಿ."
ಹಳದಿ ಹಿಡಿಯ ತುಂಬ ಸಣ್ಣ ಸಣ್ಣ ಕುಳಿ,
ಹಲ್ಲಿನ ಗುರುತು, ಒಂದರ ಮೇಲೊಂದು.
ಈ ವರ್ಷದ್ದಲ್ಲ ಇದು, ಹೋದ ವರ್ಷದ್ದೂ ಅಲ್ಲ.
ಹಾಗಾದರೆ ಇಷ್ಟು ದಿನ ಗ್ಯಾರೇಜಿನಲ್ಲಿ
ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ದು?

ಸೆರಗಿನ ಚುಂಗು ಸುತ್ತಿದೆ.
"ಬ್ಯಾಡ, ಬಟ್ಟಿ ಸದ್ದು ತಿಂತೈತಿ."
ಬಿಚ್ಚಿದೆ. ಕಚ್ಚಿದೆ.

ಮೊದಲು ಬರೀ ಜುಮ್ಮು, ದವಡೆಯಿಂದ ನೆತ್ತಿಯವರೆಗೆ.
ಆಮೇಲೆ ಅದರೊಳಗೆ
ಒಂದು ಸಣ್ಣ ತರಿ, ಜೋಳದ ಹಿಟ್ಟಿನಲ್ಲಿ ಸಿಕ್ಕ ಮರಳಿನಂತೆ,
ಬಂತು, ಹೋಯಿತು, ಬಂತು.
ಕಣ್ಣು ತೆರೆದಾಗ ದಸ್ತಗಿರಿ
ಉತ್ತರಕ್ಕೆ ಕಾಯುವವನಂತೆ ನನ್ನ ತುಟಿಯನ್ನೇ ನೋಡುತ್ತಿದ್ದ.

ರಾತ್ರಿ ನೋಟುಬುಕ್ಕಿನಲ್ಲಿ ಬರೆದೆ:
ವಾಟರ್ ಪಂಪು, ಬೆಲ್ಟು, ಕೂಲಂಟ್ ಎರಡು ಲೀಟರು.
ಕಿಲೋಮೀಟರು ಅಂದಾಜು.
ಸ್ಕ್ರೂಡ್ರೈವರ್ ಹದಿನಾಲ್ಕು ಇಂಚು, ಒಂದು, ನನಗೆ.