ಅಗಲವಿಲ್ಲದ ಅಕ್ಷರ

ಹಾಲೇಶಪ್ಪನವರ ಡಿಟಿಪಿ ಅಂಗಡಿ, ಶಿವಮೊಗ್ಗ, ದುರ್ಗಿಗುಡಿ.
ಕೆಳಗೆ ಕನ್ನಡಕದಂಗಡಿ, ಮೇಲೆ ನಾನು.
ಕರೆಂಟು ಇದ್ದಷ್ಟು ಹೊತ್ತು ಕೆಲಸ,
ಹೋದರೆ, ಯುಪಿಎಸ್ಸು ಕೀಚುವಷ್ಟು ಹೊತ್ತು
ಸೇವ್ ಸೇವ್ ಸೇವ್.

ಈ ಸಲ ಬಂದದ್ದು ಊದುಬತ್ತಿ ಹೊಸೆಯುವ ಹೆಂಗಸರ ಸಂಘದ ಪಟ್ಟಿ:
ನಾನ್ನೂರ ಹದಿನೇಳು ಹೆಸರು, ತಂದೆ ಅಥವಾ ಗಂಡ, ಬೀದಿ, ಷೇರು.
ಟೈಪು ಮಾಡಿದವರು ಕರಿಬಸಪ್ಪ ಮೇಷ್ಟ್ರು.
ಸೀನಿಯರ್ ಪಾಸಾದ ಬೆರಳು,
ಕಂಪ್ಯೂಟರಿನ ಮುಂದೆಯೂ
ಸಾಲು ಮುಗಿದ ಗಂಟೆಗೆ ಕಾಯುವ ಕಿವಿ.
ಹೆಸರಿಗೂ ಬೀದಿಗೂ ನಡುವೆ
ಒಂದು ಕಡೆ ಟ್ಯಾಬು, ಒಂದು ಕಡೆ ಹನ್ನೊಂದು ಸ್ಪೇಸು,
ಮತ್ತೊಂದು ಕಡೆ ಎರಡೂ ಕಲಸಿದ ಚಿತ್ರಾನ್ನ.
ಅವರ ಪರದೆಯಲ್ಲಿ ನೆಟ್ಟಗೆ ನಿಂತದ್ದು
ನನ್ನ ಪರದೆಗೆ ಬರುವಾಗ
ಕಡೇ ಬಸ್ಸಿಗೆ ನುಗ್ಗುವ ಸಾಲು.

ಕಾಣದ್ದನ್ನು ಕಾಣಿಸು, ಅಂದೆ ಎಡಿಟರಿಗೆ.
ಮೆನುವಿನೊಳಗಿನ ಮೆನುವಿನೊಳಗೊಂದು ಗುರುತು, ಒತ್ತಿದೆ.
ತಟಕ್ಕನೆ
ಖಾಲಿಯೆಲ್ಲ ಗಿಜಿಗುಟ್ಟಿತು:
ಸ್ಪೇಸಿಗೊಂದು ಚುಕ್ಕಿ, ಟ್ಯಾಬಿಗೊಂದು ಬಾಣ,
ಬಾಗಿಲಿಗೆ ಚುಕ್ಕಿಯಿಟ್ಟು ಎಳೆ ಎಳೆಯುವಷ್ಟರಲ್ಲಿ
ಒಲೆಯ ಮೇಲಿನ ಹಾಲು ನೆನಪಾಗಿ ಎದ್ದು ಹೋದ ಹಾಗೆ.
ಸಾಲು ಮುಗಿದ ಮೇಲೂ ಆರು, ಏಳು, ಒಂಬತ್ತು ಚುಕ್ಕಿ.
ಮೇಷ್ಟ್ರು ಯೋಚನೆ ಮಾಡಿದ ಜಾಗವೋ,
ಎಲೆಗೆ ಸುಣ್ಣ ಸವರುವಾಗ
ಹೆಬ್ಬೆರಳು ಮರೆತು ಮಲಗಿದ ಜಾಗವೋ.

ಭಾನುವಾರ ಪೂರ್ತಿ ಕೂತು ಒಂದು ಗುಂಡಿ ಕಟ್ಟಿದೆ.
ಎರಡು ಮೂರು ಸ್ಪೇಸು ಒಟ್ಟಿಗೆ ಕಂಡರೆ ಒಂದು ಟ್ಯಾಬು ಮಾಡು.
ಟ್ಯಾಬಿಗೆ ಟ್ಯಾಬು ಅಂಟಿದ್ದರೆ ಒಂದೇ ಸಾಕು.
ಸ್ಪೇಸಿನ ಬೆನ್ನಿಗೆ ಡಾಲರು ಬಂದರೆ ಸ್ಪೇಸು ಅಳಿಸು.
(ಡಾಲರೆಂದರೆ ಇಲ್ಲಿ ದುಡ್ಡಲ್ಲ, ಸಾಲಿನ ಕೊನೆ.
ಹಾಲೇಶಪ್ಪನವರಿಗೆ ಇದು ತಿಳಿಯಲು ಎರಡು ಚಹಾ ಹಿಡಿಯಿತು.)
ಕಡೆಗೆ, ಹುರುಪಿನಲ್ಲಿ, ಇನ್ನೊಂದು ಸಾಲು:
ಶಾಯಿಯಿಲ್ಲದ್ದು, ಅಗಲವಿಲ್ಲದ್ದು,
ಏನೇ ಇರಲಿ, ತೆಗೆ.

ಎಫ್ ಒಂಬತ್ತು.
ಕಲ್ಲು ಆರಿಸಿ ಮುಗಿದ ಮೊರದ ಹಾಗೆ ಪಟ್ಟಿ.
ಹದಿನಾರು ಕೆಬಿ ಇಳಿದಿತ್ತು ಫೈಲಿನ ತೂಕ,
ಬರೀ ಏನೂ ಇಲ್ಲದ್ದರದೇ ಹದಿನಾರು ಕೆಬಿ!

ಬುಧವಾರ ಪ್ರೂಫ್ ನೋಡಲು ಕಾರ್ಯದರ್ಶಿ ಬಂದರು.
ಉಗುರಿನ ಸಂದಿಗೆ ಇದ್ದಿಲು, ಸೆರಗಿಗೆ ಮಲ್ಲಿಗೆಯ ಸೆಂಟು.
ಅಂಕಣಕ್ಕೆ ಬೆರಳು ಹಚ್ಚಿ ಇಳಿದರು:
ನೆಟ್ಟಗಿದೆ. ಚಂದ ಇದೆ.
ಎಂಬತ್ತಾರರ ಹತ್ತಿರ ಬೆರಳು ಎಡವಿತು.
'ನೂ… ರ್ಜಾ… ಇದ್ಯಾರಮ್ಮ ಫ್ಲೋರಿನ್?'
ಬೆರಳು ಪಕ್ಕಕ್ಕೆ ಸರಿಯಿತು:
ಟ್ಯಾಂಕ್ ಮೊಹಲ್ಲಾ, ಎರಡನೇ ತಿರುವು, ಐದು ಷೇರು.
'ಅಯ್ಯೋ, ಇದು ನಾನೇ.'

ನೂರ್ಜಾನ್.
ಇಬ್ಬರೂ ಬಗ್ಗಿ ನೋಡಿದೆವು.
ರಕಾರ ಜಾರಿ ಜಕಾರದ ಹಿಂದೆ ಬಾಲವಾಗಿತ್ತು.
ಅವರು ಮೇಜಿನ ಗಾಜಿನ ಮೇಲೆ ಬೆರಳಲ್ಲೇ ಬರೆದು ತೋರಿಸಿದರು,
ನೂರ್, ಅಂದು ಬೆರಳೆತ್ತಿ,
ಮತ್ತೆ ಊರಿ, ಜಾನ್.

ಆ ಎತ್ತಿದ ಗಳಿಗೆಗೆ
ಕನ್ನಡದ ಕೀಲಿಮಣೆಯಲ್ಲಿ ಒಂದು ಅಕ್ಷರವಿದೆ.
ಬಿಡಿಸಿದರೆ ರೂಪವಿಲ್ಲ, ಓದಿದರೆ ಸದ್ದಿಲ್ಲ.
ಎರಡು ಅಕ್ಷರದ ನಡುವೆ ಕೂತು
ಒಂದು ಇನ್ನೊಂದರ ಮೈಮೇಲೆ ಬೀಳದಂತೆ ತಡೆಯುವುದು,
ಅಷ್ಟೇ ಅದರ ಕೆಲಸ.
ಸ್ಪೇಸನ್ನು ಕೊಡದಲ್ಲಿ ಸುರಿದ ಕರಿಬಸಪ್ಪ ಮೇಷ್ಟ್ರು
ಇದನ್ನು ಮಾತ್ರ
ಒಂದೊಂದು ಹೆಸರಿಗೂ ಹುಡುಕಿ ಇಟ್ಟಿದ್ದರು.
ನನ್ನ ಗುಂಡಿ ಅರವತ್ತಮೂರನ್ನು ಗುಡಿಸಿತ್ತು:
ಪೀರ್‌ಸಾಬ್ ಪೀರ್ಸಾಬ್ ಆಗಿದ್ದರು,
ಮೆಹಬೂಬ್‌ಬಿಯ ಬೆನ್ನಿಗೆ ಗಂಟು ಬಿದ್ದು ಮೆಹಬೂಬ್ಬಿ.

ಪುಣ್ಯಕ್ಕೆ ಮೂಲ ಫೈಲು ಪೆನ್‌ಡ್ರೈವಿನಲ್ಲಿತ್ತು.
ಎಫ್ ಒಂಬತ್ತು ಈಗಲೂ ಇದೆ.
ದಿನಕ್ಕೆ ಹತ್ತು ಸಲ ಒತ್ತುತ್ತೇನೆ, ಬಾಲ ಕತ್ತರಿಸುತ್ತೇನೆ.
ಆ ಒಂದು ಸಾಲಿಗೆ ಮಾತ್ರ
ಯಂತ್ರ ಓದದೆ ದಾಟುವ ಗುರುತು ಹಾಕಿ
ಪಕ್ಕದಲ್ಲಿ ಬರೆದಿಟ್ಟಿದ್ದೇನೆ:
ಇದನ್ನು ಚಾಲೂ ಮಾಡಬೇಡ,
ನೂರ್‌ಜಾನ್ ಬೈತಾರೆ.