ಮೂರು ಮೀಟರಿಗೆ ನಾಲ್ಕು

ಹತ್ತೊಂಬತ್ತು ವರ್ಷ ಹೇಳಿಕೊಟ್ಟೆ:
ಭಿನ್ನರಾಶಿಯಿಂದ ಭಾಗಿಸಬೇಕೆ,
ಬುಡಮೇಲು ಮಾಡು, ಗುಣಿಸು.
ನಲವತ್ತು ಗಂಟಲು ಒಟ್ಟಿಗೆ ಒದರುತ್ತಿದ್ದವು
ಕೌಲ್ ಬಜಾರಿನ ಆಚೆ ಓಣಿಗೂ ಕೇಳುವಂತೆ,
ಬುಡಮೇಲು ಮಾಡು, ಗುಣಿಸು,
ಬುಡಮೇಲು ಮಾಡು, ಗುಣಿಸು.
ಕೇಳಿಯೇ ನನಗೆ ಹೊಟ್ಟೆ ತುಂಬುತ್ತಿತ್ತು.

ಎರಡನೇ ಬೆಂಚಿನ ಹೊನ್ನೂರ್‌ಬೀ ಒಮ್ಮೆ ಎದ್ದಳು:
"ಯಾಕ್ ಬುಡಮೇಲು ಮಾಡ್ಬೇಕ್ರಿ ಸಾರ್?"
ಬಳ್ಳಾರಿಯ ಮಾರ್ಚ್. ಫ್ಯಾನು ಸತ್ತಿತ್ತು.
"ಮಾಡದಿದ್ದರೆ ನಿನ್ನ ಮಾರ್ಕ್ಸು ಬುಡಮೇಲಾಗುತ್ತೆ" ಅಂದೆ.
ಕ್ಲಾಸು ನಕ್ಕಿತು. ಅವಳೂ ನಕ್ಕು ಕೂತಳು.
ನಿಜವೆಂದರೆ ನನಗೂ ಗೊತ್ತಿರಲಿಲ್ಲ.
ನನಗೆ ಕಲಿಸಿದ ವಿರುಪನಗೌಡ ಮೇಷ್ಟ್ರಿಗೆ ಗೊತ್ತಿತ್ತೋ ಏನೋ,
ಅವರ ಕೈಯಲ್ಲಿ ಹುಣಸೆ ಬರಲು ಇರುತ್ತಿತ್ತು.

ಈ ಜೂನಿನಲ್ಲಿ ಶಾಲೆಯ ಚಡ್ಡಿಗಳ ಪಟ್ಟಿ ಹಿಡಿದು
ಜೀನ್ಸ್ ಹೊಲಿಯುವ ಓಣಿಗೆ ಹೋದೆ.
ಚರಂಡಿ ತುಂಬ ನೀಲಿ ನೀರು.
ಕಟಿಂಗ್ ಮೇಜಿನ ಹಿಂದೆ, ಕೊರಳಿಗೆ ಟೇಪು, ಅವಳೇ.
ಚಡ್ಡಿಗೆ ಮುಕ್ಕಾಲು ಮೀಟರ್. ಬಟ್ಟೆ ಒಂಬತ್ತು ಮೀಟರ್.
ನನ್ನ ತುಟಿ ಆಗಲೇ ಬುಡಮೇಲು ಶುರುಮಾಡಿತ್ತು.
"ಹನ್ನೆರಡು" ಅಂದಳು, ತಲೆ ಎತ್ತದೆ.

ಹೇಗೆ ಅಂದೆ.
ಒಂದು ಮೀಟರ್ ಹಾಸಿ, ಮುಕ್ಕಾಲಿಗೆ ಚಾಕಿನ ಗೀಟು ಎಳೆದಳು.
"ಇದೊಂದು. ಉಳಿದದ್ದೆಷ್ಟು?"
"ಕಾಲು ಮೀಟರ್" ಅಂದೆ, ಜಾಣ ಹುಡುಗನ ಹಾಗೆ.
"ಮೀಟರ್ ಬಿಡ್ರಿ ಸಾರ್, ಚಡ್ಡಿ ಲೆಕ್ಕದಾಗ ನೋಡ್ರಿ.
ಇದು ಚಡ್ಡೀದು ಮೂರನೇ ಪಾಲು.
ಮೀಟರಿಗೆ ಒಂದು, ಮ್ಯಾಲೊಂದು ಮೂರನೇ ಪಾಲು.
ಮೂರ್ ಮೀಟರಿಗೆ ನಾಕು.
ಇಲ್ಲಿ ಕಸಾ ಹೊಡಿಯೋ ಹುಡುಗಗೂ ಗೊತ್ತೈತಿ."

ನಾಲ್ಕರ ಹೆಗಲ ಮೇಲಿದ್ದ ಮೂರು
ಸದ್ದಿಲ್ಲದೆ ಕೆಳಗಿಳಿದಿತ್ತು.
ಯಾರೂ ಯಾವುದನ್ನೂ ಬುಡಮೇಲು ಮಾಡಿರಲಿಲ್ಲ.
ಅಳೆಯುವ ಕೋಲು ಬದಲಾಗಿತ್ತು, ಅಷ್ಟೆ.

"ಅವತ್ತು ಕೇಳಿದ್ದೆಯಲ್ಲ, ಯಾಕೆ ಅಂತ?"
"ನಾನಾ?" ಅಂದಳು. ನೆನಪಿರಲಿಲ್ಲ.
"ಲೆಕ್ಕದಾಗ ಇಪ್ಪತ್ತೆರಡು ಬಿದ್ದಿದ್ದು ನೆನಪೈತಿ ನೋಡ್ರಿ."
ಕತ್ತರಿ ಹೊರಟಿತು, ಗೀಟಿನ ಮೇಲೆ, ತಪ್ಪದೆ.
ಮೇಜಿನ ಕೆಳಗಿನಿಂದ ಒಂದು ಚೂರು ಕದ್ದು ಜೇಬಿಗಿಟ್ಟೆ.

ಮರುದಿನ ಬೋರ್ಡಿನ ಮುಂದೆ ನಿಂತರೆ
ಬಾಯಿಗೆ ಬಂದದ್ದು ಹಳೆಯದೇ: ಬುಡ...
ನುಂಗಿದೆ. ಚೂರು ಎತ್ತಿ ಹಿಡಿದೆ.
"ಇದು ಎಷ್ಟು?"
"ಚಿಂದಿ ಸಾರ್" ಅಂದ ಯಾವನೋ. ನಗು.
ನಗು ಇಳಿದ ಮೇಲೆ, ಕಿಟಕಿ ಪಕ್ಕದಿಂದ
ಸಣ್ಣ ದನಿ:
"ಯಾವುದ್ರಾಗ ಎಷ್ಟು, ಸಾರ್?"